ಬರೆಯದೆ ಬಿಟ್ಟ ಏಳು ಸಾಲು

"ಒಬ್ಬಳೇ ಹಾಡೋ ಹಾಡಲ್ಲ ಅದು. ನಿನ್ನ ಪುಸ್ತಕಾನ ಬೇಕಾದ್ರೆ ಒಲೆಗೆ ಹಾಕ್ತೀನಿ, ಅದನ್ನ ಮಾತ್ರ ಹಾಡಲ್ಲ ಕಣಪ್ಪಾ," ಎಂದಳು ಒಕ್ಸೆ ಅಜ್ಜಿ, ನೂಲುವ ಕೈಯನ್ನು ನಿಲ್ಲಿಸದೆ.

ಹಿಂದ್ರಿಕ್ ನಕ್ಕ. ಹಳೆಯ ಹಾಡುಗಳನ್ನು ಬರೆದುಕೊಂಡು ಬಾ ಎಂದು ತಾರ್ತು ಪಟ್ಟಣದ ಪಂಡಿತರು ಕಳಿಸಿದ್ದ ಶಾಲಾಮಾಸ್ತರ ಅವನು. ನಮ್ಮ ಸೇತು ಜನರ ಸೀಮೆಯ ಮೂರಿಲ್ಕಾ ಹಳ್ಳಿಗೆ ಬಂದು ಹನ್ನೆರಡು ದಿನವಾಗಿತ್ತು. ಉದ್ದ ಕಾಲು, ಉದ್ದ ಮೂಗು, ಕಿವಿಯ ಮೇಲೊಂದು ಪೆನ್ಸಿಲು. ನಮ್ಮ ಹೆಂಗಸರ ಬಾಯಿ ಗೊತ್ತಲ್ಲ, ಮೊದಲ ದಿನವೇ ಕೊಕ್ಕರೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮದುವೆಯ ಹಾಡು, ಕುಯ್ಲಿನ ಹಾಡು, ಸತ್ತವರ ಮುಂದೆ ಹೇಳಿಕೊಂಡು ಅಳುವ ಹಾಡು, ಎಲ್ಲವೂ ಅವನ ಮೂರು ಪುಸ್ತಕಗಳಿಗೆ ಇಳಿದಿದ್ದವು. ಸಿಗದೆ ಉಳಿದದ್ದು ಒಂದೇ, ತೋಳವಾದ ಸೊಸೆಯ ಹಾಡು. ನಾನೂರಕ್ಕೂ ಹೆಚ್ಚು ಸಾಲು. ಒಂದು ಕಾದಂಬರಿಗೆ ಆಗುವಷ್ಟು ಕತೆ. ಅದು ಸಿಕ್ಕರೆ ತಾರ್ತುವಿನಲ್ಲಿ ತನ್ನನ್ನು ಮಾಸ್ತರ ಎಂದು ಯಾರೂ ಕರೆಯುವುದಿಲ್ಲ, ಪಂಡಿತ ಎನ್ನುತ್ತಾರೆ ಎಂಬುದು ಅವನ ಲೆಕ್ಕ.

"ಒಬ್ಬಳೇ ಹಾಡಿದ್ರೆ ಏನಾಗುತ್ತೆ ಅಜ್ಜಿ? ಬಾಲ ಬರುತ್ತಾ?"

"ನಗು, ನಗು. ಹಲ್ಲಿರೋ ತನಕ ನಕ್ಕೊಂಬಿಡು." ಒಕ್ಸೆ ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. "ಅದು ಹಾಡಲ್ಲಪ್ಪಾ, ಮಾಟ. ಯಾವ ಕಾಲದಲ್ಲೋ ಒಬ್ಬ ಅತ್ತೆ ಸೊಸೆ ಮೇಲೆ ಕಟ್ಟಿದ್ದು. ಅದರ ತುಂಬ 'ನಾನು, ನಾನು' ಅಂತಲೇ ಬರುತ್ತೆ. ನಾನು ತೊಗಲು ಹೊದ್ದೆ, ನಾನು ಕಾಡು ಹೊಕ್ಕೆ. ಮುಂದಾಳು ಒಂದು ಸಾಲು ಅಂದ ಕೂಡ್ಲೇ ಹಿಂದಿನ ಏಳು ಜನ ಅದೇ ಸಾಲನ್ನ ಎತ್ಕೋಬೇಕು. ಎಂಟು ಬಾಯಿಗೆ ಹಂಚಿದ ವಿಷ ಯಾರನ್ನೂ ಕೊಲ್ಲಲ್ಲ. ಒಬ್ಬಳೇ ಅಂದ್ಲೋ, ಆ 'ನಾನು' ಅವಳೇ ಆಗಿಹೋಗ್ತಾಳೆ."

"ಹಾಗಿದ್ರೆ ಮರೆತುಬಿಡಿ. ಹಾಡೋದಾದ್ರೂ ಯಾಕೆ?"

"ಕಟ್ಟಿಹಾಕಿದ ನಾಯಿಗೂ ಕೂಳು ಹಾಕ್ಬೇಕಲ್ಲ. ಮರೆತ್ರೆ ಹಗ್ಗ ಕಡ್ಕೊಳ್ಳುತ್ತೆ. ವರ್ಷಕ್ಕೊಂದು ಸಲ, ಹಗಲು ಹೊತ್ತು, ಎಂಟು ಜನ. ಬೇಕಾದ್ರೆ ಆವಾಗ ಬಾ, ಬಾಗಿಲಲ್ಲಿ ನಿಂತು ಕೇಳು."

ಎಂಟು ಜನ ಒಟ್ಟಿಗೆ ಗಂಟಲೆತ್ತಿದರೆ ಒಂದು ಪದವೂ ಪುಸ್ತಕಕ್ಕೆ ಬೀಳುವುದಿಲ್ಲ ಎಂದು ಅವನಿಗೆ ಈಗಾಗಲೇ ಗೊತ್ತಾಗಿತ್ತು. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಮೇಲೆ ಜನ ಮಲಗುವಂಥ ದೊಡ್ಡ ಇಟ್ಟಿಗೆ ಒಲೆಯ ಕಡೆ ನೋಡಿದ. ಅಲ್ಲಿ ಒಕ್ಸೆಯ ಸೊಸೆ ನಾಸ್ತೊ ಕೂಸಿಗೆ ಹಾಲೂಡಿಸುತ್ತ ತುಟಿ ಬಿಗಿಹಿಡಿದು ಕೂತಿದ್ದಳು. ಆ ತುಟಿಯೊಳಗೆ ಹಾಡಿತ್ತು.

ನೀರು ಹರಸುವ ಹಬ್ಬ ಬಂತು. ಪಾದ್ರಿ ಹೆಪ್ಪುಗಟ್ಟಿದ ಕೆರೆಯಲ್ಲಿ ಶಿಲುಬೆಯಾಕಾರದ ಕಂಡಿ ಕೊರೆಸಿ ನೀರಿಗೆ ಮಂತ್ರ ಹೇಳುವ ದಿನ. ಊರಿಗೆ ಊರೇ ಬೆಳಗ್ಗೆ ಜಾರುಬಂಡಿ ಹತ್ತಿತು. ಹೆತ್ತು ನಲವತ್ತು ದಿನ ತುಂಬದ ಬಾಣಂತಿಗೆ ಚರ್ಚಿನ ಹೊಸ್ತಿಲು ನಿಷಿದ್ಧ, ಹಾಗಾಗಿ ನಾಸ್ತೊ ಮನೆಯಲ್ಲೇ ಉಳಿದಳು. ಅವಳ ಗಂಡ ವಾಸ್ಕೊ ಝಾರ್ ಚಕ್ರವರ್ತಿಯ ಪಟಾಲಮಿನಲ್ಲಿ ದೂರದಲ್ಲೆಲ್ಲೋ ಇದ್ದ. ಬರೆದದ್ದನ್ನು ತಿದ್ದಬೇಕು ಎಂದು ನೆಪ ಹೇಳಿ ಹಿಂದ್ರಿಕ್ ಕೂಡ ಉಳಿದ. ಬಂಡಿಗಳ ಗಂಟೆ ಸದ್ದು ಕಾಡಿನಾಚೆ ಕರಗುವ ತನಕ ಕಾದ.

"ನಿಮ್ಮತ್ತೆಗೆ ಆ ಹಾಡು ಮರೆತುಹೋಗಿದೆ ಅನ್ಸುತ್ತೆ ನಾಸ್ತೊ. ಅದಕ್ಕೇ ಈ ಹೆದರಿಸೋ ಕತೆ."

"ನಮ್ಮತ್ತೆಗೆ ಮರೆವಾ?" ನಾಸ್ತೊ ಕಿಸಕ್ಕನೆ ನಕ್ಕಳು. "ಅವರಿಗೆ ಮರೆವು ಬರೋದು ನನ್ನ ತಟ್ಟೆಗೆ ಬೆಣ್ಣೆ ಹಾಕೋವಾಗ ಮಾತ್ರ ಮೇಷ್ಟ್ರೇ."

"ನಿನಗೆ ಬರುತ್ತಾ?"

"ಬರ್ದೆ ಏನು? ತವರಲ್ಲಿ ನಾನೇ ಮುಂದಾಳು. ಹದಿನಾರಕ್ಕೇ ಮುಂದೆ ನಿಲ್ಸಿದ್ರು. ಇಲ್ಲಿಗೆ ಬಂದು ಎರಡು ವರ್ಷ, ಒಂದು ದಿನಾನೂ ಮುಂದೆ ನಿಲ್ಲೋಕೆ ಬಿಡಲಿಲ್ಲ. ಹಿಂದೆ ನಿಂತ್ಕೊಂಡು ಎತ್ಕೋ ಅಂತಾರೆ."

"ನಾಡೆಲ್ಲ ಓದೋ ಪುಸ್ತಕ ಇದು. ಹಾಡಿದವಳು ನಾಸ್ತೊ ಅಂತಲೇ ಅಚ್ಚಾಗುತ್ತೆ. ನಿಮ್ಮತ್ತೆ ಹೆಸರಲ್ಲ."

ಅವಳು ತುಂಬ ಹೊತ್ತು ಮೂಲೆಯ ದೇವರ ಪಟ ನೋಡುತ್ತ ನಿಂತಳು. ಆಮೇಲೆ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿ, ಪೆಟ್ಟಿಗೆಯಿಂದ ಬಟ್ಟಲಗಲದ ಬೆಳ್ಳಿಯ ಎದೆಬಿಲ್ಲೆ ತೆಗೆದು ಹಾಕಿಕೊಂಡಳು, ಸರಗಳನ್ನು ಒಂದೊಂದಾಗಿ ಕೊರಳಿಗಿಳಿಸಿದಳು. ಎದೆಯ ಮೇಲೆ ಬೆಳ್ಳಿಯಿಲ್ಲದೆ ಹಾಡುವುದು ನಮ್ಮಲ್ಲಿ ಭಿಕ್ಷುಕಿಯರು ಮಾತ್ರ.

"ನೀವು ಎತ್ಕೋಬೇಕು. ಪ್ರತಿ ಸಾಲೂ. ಒಬ್ಬರಾದ್ರೂ ಸಾಕು, ಹಂಚ್ಕೊಂಡ ಹಾಗೆ. ಕೂಸಿದೆ ನಂಗೆ ಮೇಷ್ಟ್ರೇ."

"ಎತ್ಕೊಳ್ತೀನಿ ಬಿಡು."

"ಆಣೆ?"

"ಆಣೆ. ಶುರು ಮಾಡು ತಾಯಿ."

ನಾಸ್ತೊ ಕಣ್ಣು ಮುಚ್ಚಿ ಹಾಡಿದಳು.

ಅತ್ತೆ ಅಟ್ಟದಿಂದಿಳಿಸಿದಳು ಬೂದಿ ಬಣ್ಣದ ತೊಗಲು,
ಹೊಸ ಸೊಸೆಗೆ ಹೊದಿಕೆಯೆಂದಳು, ಹೊದ್ದುಕೊಂಡೆ ನಾನು.

ಅಂಥ ಗಂಟಲನ್ನು ಅವನು ಕೇಳಿರಲಿಲ್ಲ. ಮಂಜುಗಡ್ಡೆಯ ಮೇಲೆ ಕೊಡಲಿ ಬಿದ್ದಂಥ ಸ್ಪಷ್ಟ ದನಿ. ಅವನು ಸಾಲನ್ನು ಎತ್ತಿಕೊಂಡ, ಬರೆದ. ಇನ್ನೊಂದು ಸಾಲು, ಎತ್ತಿಕೊಂಡ, ಬರೆದ. ಹತ್ತು ಸಾಲಿನ ತನಕ ಮಾತು ಉಳಿಸಿಕೊಂಡ. ಹನ್ನೊಂದನೆಯದಕ್ಕೆ ಕೈ ಹಿಂದೆ ಬಿತ್ತು. ಬಾಯಿ ಹಾಡಿದರೆ ಕೈ ತಪ್ಪುತ್ತದೆ, ಕೈ ಬರೆದರೆ ಬಾಯಿ ಮರೆಯುತ್ತದೆ. ಅವನು ತಲೆಯೆತ್ತದೆ ಎಡಗೈ ಆಡಿಸಿದ: ಹೂಂ, ಮುಂದೆ, ಮುಂದೆ.

ನಾಸ್ತೊ ಕಣ್ಣು ಬಿಟ್ಟು ಅವನನ್ನು ನೋಡಿದಳು. ಅವನಿಗೆ ಕಂಡದ್ದು ಪುಟ ಮಾತ್ರ. ನಿಲ್ಲಿಸೋಣವೆಂದರೆ ಅದು ನಡುವೆ ನಿಲ್ಲಿಸುವ ಹಾಡಲ್ಲ. ಬಾವಿಗೆ ಅರ್ಧ ಇಳಿದು ಹಗ್ಗ ಬಿಟ್ಟ ಹಾಗೆ. ಅವಳು ಹಾಡಿದಳು. ಪ್ರತಿ ಸಾಲಿನ ಕೊನೆಗೆ, ಏಳು ದನಿ ತುಂಬಬೇಕಾದ ಜಾಗದಲ್ಲಿ, ಒಲೆಯ ಚಿಟಪಟ. ಪೆನ್ಸಿಲಿನ ಕೆರೆತ. ಅವಳ ಉಸಿರು.

ನೂರನೆಯ ಸಾಲಿನ ಹೊತ್ತಿಗೆ ಆ ಜಾಗದಲ್ಲಿ ಇನ್ನೇನೋ ಸೇರಿಕೊಂಡಿತು. ಕೊಟ್ಟಿಗೆಯಾಚೆ, ಕಾಡಿನಂಚಿನಲ್ಲಿ, ಯಾರೋ ಅವಳ ಸಾಲಿನ ಕೊನೆಯ ಎರಡಕ್ಷರ ಹಿಡಿದು ಎಳೆದರು. ಉದ್ದಕ್ಕೆ. ತಣ್ಣಗೆ. ಆಮೇಲೆ ಇನ್ನೊಬ್ಬರು. ಊರ ನಾಯಿಗಳು, ಎಂದುಕೊಂಡ ಹಿಂದ್ರಿಕ್. ನಾಯಿಗಳೆಲ್ಲ ಜಾರುಬಂಡಿಯ ಹಿಂದೆ ಹೋದದ್ದನ್ನು ಅವನೇ ನೋಡಿದ್ದ.

ಮನೆಯಲ್ಲಿ ಒದ್ದೆ ಕುರಿತೊಗಲಿನ ವಾಸನೆ. ಆಮೇಲೆ ಹಸಿ ಎಲುಬಿನ ವಾಸನೆ. ಬೆಳ್ಳಿ ಸರ ಒಂದು ನೆಲಕ್ಕೆ ಜಾರಿತು, ಚಿಲ್ ಎಂದಿತು. ಅವಳ ದನಿ ಕಟ್ಟುತ್ತಿತ್ತು; ನೆಗಡಿ, ಎಂದುಕೊಂಡ. ಸಾಲುಗಳು ಮಾತ್ರ ಬೆಂಕಿಯಂತೆ ಬರುತ್ತಿದ್ದವು. ನಮ್ಮ ಹಾಡು ಎರಡು ಸಲ ಒಂದೇ ಥರ ಇರುವುದಿಲ್ಲ, ಕತೆ ಹಳೆಯದು, ಸಾಲುಗಳನ್ನು ಮುಂದಾಳು ಆ ಹೊತ್ತಿಗೆ ಕಟ್ಟುತ್ತಾಳೆ. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಕಟ್ಟುತ್ತಿದ್ದಳು.

ಕೂದಲು ಕೊಟ್ಟೆ ಕಾಡಿಗೆ, ಕೆದರಿದ ಕೇಸರವಾಗಿ ಬಂತು,
ಕೈಯ ಕೊಟ್ಟೆ ಹಿಮಕ್ಕೆ, ಕಲ್ಲುಗುರಿನ ಪಂಜವಾಗಿ ಬಂತು.

ಪೆನ್ಸಿಲಿನ ಮೊನೆ ಮುರಿಯಿತು. ಹಿಂದ್ರಿಕ್ ಬೈದುಕೊಂಡು ಚಾಕು ತೆಗೆದ, ಹೆರೆದ. ನಾಸ್ತೊ ನಿಲ್ಲಿಸಲಿಲ್ಲ, ನಿಲ್ಲಿಸಲಾರಳು. ಒಂದು, ಎರಡು, ಮೂರು, ಏಳು ಸಾಲು ಅವನ ತಲೆಯ ಮೇಲೆ ಹಾದುಹೋದವು. ಅದು ಕೊಟ್ಟೆ, ಇದಾಗಿ ಬಂತು, ಎಲ್ಲ ಒಂದೇ ಧಾಟಿ. ಇಂಥ ಕಡೆ ಪಂಡಿತರೂ ಮಾಡುವುದನ್ನೇ ಅವನು ಮಾಡಿದ. "ಇತ್ಯಾದಿ, ಏಳು ಸಾಲು" ಎಂದು ಬರೆದು ಮುಂದಕ್ಕೆ ಹೋದ.

ಆಮೇಲೆ ಅದು ಹಾಡಾಗಿರಲಿಲ್ಲ. ಉಸಿರು. ಗೊರಗೊರ. ಆದರೂ ಪದಗಳು ತಿಳಿಯುತ್ತಿದ್ದವು. ಬರೆದ. ಕೊನೆಯ ಸಾಲು ಬಂತು. ಬರೆದ. ಚುಕ್ಕೆ ಇಟ್ಟ. ಎದೆಬಿಲ್ಲೆ ನೆಲದ ಮೇಲೆ ಉರುಳಿ ಅವನ ಬೂಟಿಗೆ ತಗುಲಿ ಬಿತ್ತು.

ಅವನು ತಲೆಯೆತ್ತಿದ.

ಬೆಂಚಿನ ಮೇಲೆ ಬಟ್ಟೆ. ಬಟ್ಟೆಯೊಳಗೆ ಯಾರೂ ಇಲ್ಲ. ತೊಟ್ಟಿಲ ಹತ್ತಿರ ಬೂದು ಬೆನ್ನು. ಬೆನ್ನು ತಿರುಗಿತು. ಹಳದಿ ಕಣ್ಣು ಅವನನ್ನು ನೋಡಿತು, ಸಾಕೆನಿಸಿ ಮತ್ತೆ ತೊಟ್ಟಿಲಿಗೆ ಬಾಗಿತು. ಕೂಸು ಕೈ ಚಾಚಿ ಅದರ ಮೀಸೆ ಹಿಡಿಯಿತು. ಹಿಂದ್ರಿಕ್‌ನ ಕೈಯಲ್ಲಿ ಚಾಕುವಿತ್ತು. ಅವನು ಒಲೆಯ ಮೇಲಕ್ಕೆ ಹತ್ತಿದ. ಗೋಡೆಗೆ ಅಂಟಿ ಮೊಣಕಾಲು ಮಡಚಿ ಕೂತ. ಕೆಳಗೆ ಬಾಯಿ ತೆರೆಯಿತು. ಹಲ್ಲು ಕಂಡವು. ಕೂಸಿನ ಕಾಲು ಕಂಡಿತು. ಅವನು ಕಣ್ಣು ಮುಚ್ಚಿಕೊಂಡ.

ಗಂಟೆ. ಜಾರುಬಂಡಿಯ ಗಂಟೆ, ಅಂಗಳದಲ್ಲೇ.

ತೋಳ ಬಾಗಿಲು ತಳ್ಳಿ ಕಾಡಿನ ಕಡೆ ಹಾರಿತು, ಬಾಗಿಲು ಗೋಡೆಗೆ ಬಡಿಯಿತು. ತಣ್ಣನೆ ಗಾಳಿ ಒಳಗೆ ಸುರಿಯಿತು. ಕೂಸು ಚೀರಿತು, ಎರಡು ಕಾಲೂ ಒದೆಯುತ್ತ, ಗಟ್ಟಿಯಾಗಿ.

ಒಕ್ಸೆ ಅಜ್ಜಿ ಒಳಗೆ ಬಂದು ಬಟ್ಟೆ ನೋಡಿದಳು, ಬಿಲ್ಲೆ ನೋಡಿದಳು, ಒಲೆಯ ಮೇಲಿದ್ದವನನ್ನು ನೋಡಿದಳು. ಬೈಯಲಿಲ್ಲ. ಅದೇ ಹೆದರಿಕೆಯಾಯಿತು ಹಿಂದೆ ಬಂದ ಹೆಂಗಸರಿಗೆ.

"ಎಷ್ಟು ಸಾಲು ಎತ್ಕೊಂಡೆ?"

"ಹ... ಹತ್ತು."

"ಮಿಕ್ಕಿದ್ದು ಬರ್ದಿದೀಯಾ?"

"ಬರ್ದಿದೀನಿ."

"ಎಲ್ಲಾನೂ?"

"ಎಲ್ಲಾನೂ ಅಜ್ಜಿ. ಒಂದಕ್ಷರ ಬಿಟ್ಟಿಲ್ಲ."

ಬಾಯಿಗೆ ಬಂದದ್ದನ್ನು ಹೇಳಿದ. ಆ ಗಳಿಗೆಯಲ್ಲಿ ಅವನಿಗೆ ಅದು ನಿಜವೆಂದೇ ಅನಿಸಿತು.

"ಇಳಿ ಹಾಗಾದ್ರೆ. ಇವತ್ತಿನ ಸೂರ್ಯ ಮುಳುಗೋದ್ರೊಳಗೆ ಬಿಟ್ಟ ಸಾಲನ್ನೆಲ್ಲ ಎತ್ಕೊಂಡ್ರೆ ನನ್ನ ಸೊಸೆ ವಾಪಸ್ ಬರ್ತಾಳೆ. ನೀನು ಮುಂದಾಳು, ನಾವು ಹಿಂದೆ."

"ನಿಮಗೇ ಬರುತ್ತಲ್ಲ ಹಾಡು, ನೀವೇ..."

"ನನ್ನ ಸಾಲು ನನ್ನವು. ಅವಳ ಮೈ ಹತ್ತಿರೋದು ಅವಳು ಇವತ್ತು ಕಟ್ಟಿದ ಸಾಲು. ಅದು ನಿನ್ನ ಪುಸ್ತಕ ಬಿಟ್ರೆ ಇನ್ನೆಲ್ಲೂ ಇಲ್ಲ. ಇಳಿಯೋ ಕೊಕ್ಕರೆ!"

ಕೂಸನ್ನು ಪಕ್ಕದ ಮನೆಯ ಆನ್ನೆ ಎತ್ತಿಕೊಂಡಳು. ಏಳು ಹೆಂಗಸರು ಹಬ್ಬದ ಬೆಳ್ಳಿಯಲ್ಲೇ ಅಂಗಳದ ಹಿಮದ ಮೇಲೆ ಅರ್ಧ ಚಂದ್ರದಂತೆ ನಿಂತರು. ಸೂರ್ಯ ಫರ್ ಮರಗಳ ತುದಿಗಿಂತ ಮೂರು ಬೆರಳು ಮೇಲಿದ್ದ. ಹಿಂದ್ರಿಕ್ ಓದಿದ. ರಾಗವಿಲ್ಲದ, ನಡುಗುವ, ಕೆಟ್ಟ ದನಿ. ಆದರೆ ಹೆಂಗಸರು ಅದನ್ನು ಎತ್ತಿಕೊಂಡಾಗ ಕೊಟ್ಟಿಗೆಯ ಸೂರಿನ ಹಿಮ ಜರಿದು ಬಿತ್ತು. ಸಾಲಿಗೆ ಸಾಲು. ನೂರು ದಾಟಿತು. ಕಾಡಿನಂಚಿನಿಂದ ಬೂದು ತೋಳ ಹೊಟ್ಟೆ ನೆಲಕ್ಕೆ ಉಜ್ಜುತ್ತ ಅಂಗಳಕ್ಕೆ ಬಂತು, ಕಿವಿ ಮಡಚಿ ಹಿಮದಲ್ಲಿ ಮಲಗಿತು.

"ನಿಲ್ಲಿಸ್ಬೇಡ," ಎಂದಳು ಒಕ್ಸೆ.

ಕೂದಲಿನ ಸಾಲು ಬಂತು. ಏಳು ಬಾಯಿ ಎತ್ತಿಕೊಂಡವು. ತೋಳದ ಕತ್ತಿನ ಕೇಸರ ಉದುರಿ ಕೆಳಗೆ ನಾಸ್ತೊಳ ಜೋಳದ ಬಣ್ಣದ ಜಡೆ ಹಿಮದ ಮೇಲೆ ಬಿಚ್ಚಿಕೊಂಡಿತು. ಆನ್ನೆ ಅಳತೊಡಗಿದಳು, ಹಾಡುತ್ತಲೇ. ಕೈಯ ಸಾಲು ಬಂತು. ಪಂಜ ಬಿಚ್ಚಿ ಐದು ಬೆರಳು ಹಿಮವನ್ನು ಹಿಡಿದವು.

ಹಿಂದ್ರಿಕ್ ಪುಟ ತಿರುವಿದ. ನಿಂತ.

"ಯಾಕೋ? ಹಾಡು!"

"ಇಲ್ಲಿ..." ಅವನು ಪುಟದ ಮೇಲೆ ಬೆರಳಿಟ್ಟ. "ಇಲ್ಲಿ ಇತ್ಯಾದಿ ಅಂತಿದೆ."

"ಹಾಗಂದ್ರೆ?"

"ಏಳು ಸಾಲು. ಒಂದೇ ಥರ ಇದ್ವು ಅಜ್ಜಿ... ಪೆನ್ಸಿಲ್ ಮುರೀತು..."

ಹಿಮದ ಮೇಲೆ, ಹೆಣ್ಣಿನ ಜಡೆ, ಹೆಣ್ಣಿನ ಕೈ, ಮಿಕ್ಕದ್ದೆಲ್ಲ ತೋಳವಾಗಿದ್ದದ್ದು ಮುಲುಗಿತು. ಸೂರ್ಯ ಒಂದು ಬೆರಳು.

"ನೆನಪು ಮಾಡ್ಕೋ," ಎಂದಳು ಒಕ್ಸೆ. ಅವಳ ದನಿ ಈಗ ತೀರ ಮೆತ್ತಗಿತ್ತು. "ನನ್ನಪ್ಪ ಅಲ್ವಾ, ನೆನಪು ಮಾಡ್ಕೋ."

ಕಾಲು. ಹೌದು, ಕಾಲಿನದೊಂದು ಇತ್ತು. "ಕಾಲು ಕೊಟ್ಟೆ ದಾರಿಗೆ, ಕಳ್ಳ ಹೆಜ್ಜೆಯಾಗಿ ಬಂತು." ಎತ್ತಿಕೊಂಡರು. ಕಾಲು ಬಂದವು. ಬೆನ್ನು. "ಬೆನ್ನು ಕೊಟ್ಟೆ ಗಾಳಿಗೆ, ಬಾಗಿದ ಬಿಲ್ಲಾಗಿ ಬಂತು." ಎತ್ತಿಕೊಂಡರು. ಬಿಳಿ ಬೆನ್ನು ಹಿಮದಲ್ಲಿ ನಡುಗಿತು. ಇನ್ನು ಐದು. ಅವನು ಹಣೆ ಬಡಿದುಕೊಂಡ. ಚಾಕುವಿನ ಕೆರೆತ ಬಿಟ್ಟರೆ ತಲೆಯಲ್ಲಿ ಏನೂ ಇಲ್ಲ. ಸೂರ್ಯ ಮರದೊಳಕ್ಕೆ ಇಳಿಯುತ್ತಿದ್ದ. ಹೆಂಗಸರು ಅವನ ಬಾಯನ್ನೇ ನೋಡುತ್ತಿದ್ದರು. ಅವನು ಕಟ್ಟಿದ.

"ಕಣ್ಣು ಕೊಟ್ಟೆ ಕತ್ತಲಿಗೆ, ಕೆಂಡವಾಗಿ ಬಂತು."

ಎತ್ತಿಕೊಂಡರು, ಪಾಪ, ನಂಬಿ.

ನಾಸ್ತೊ ಕಿರುಚಿದಳು. ಹೆಣ್ಣಿನ ಕಿರುಚಾಟ, ತೋಳದ ಗಂಟಲಿನಿಂದ. ಅವಳ ಎಡಗಣ್ಣು ಇದ್ದಲ್ಲಿ ತೊಗಲು ಬೆಳೆದು ಮುಚ್ಚಿಕೊಂಡಿತು. ಹೊಲಿಗೆಯಿಲ್ಲ, ಗಾಯವಿಲ್ಲ, ಹಣೆಯಂತೆ ನುಣ್ಣಗೆ.

ಒಕ್ಸೆಯ ಅಂಗೈ ಅವನ ಬಾಯಿಗೆ ಅಪ್ಪಳಿಸಿತು. ತುಟಿ ಒಡೆದು ರಕ್ತ ಬಂತು. "ಸುಳ್ಳು ಸಾಲು! ಸುಳ್ಳು ಹಾಡ್ತೀಯೇನೋ ಅವಳ ಮೈ ಮೇಲೆ!" ಅವಳು ಆಕಾಶ ನೋಡಿದಳು. ಹೊತ್ತಿರಲಿಲ್ಲ. "ಬಿಡು. ಮಿಕ್ಕ ನಾಲ್ಕು ಬಿಡು. ಮುಂದಿಂದು ಓದು. ಹೋದದ್ದು ಹೋಯ್ತು."

ಅವನು ಓದಿದ. ರಕ್ತ ಉಗುಳುತ್ತ ಓದಿದ. ಅವರು ಎತ್ತಿಕೊಂಡರು. ಅವಸರವಸರವಾಗಿ ಹಾಡಿದರು. ಓದಿದ. ಎತ್ತಿಕೊಂಡರು. ಕೊನೆಯ ಸಾಲು, ಕೊನೆಯ ಪದ, ಎಂಟು ಬಾಯಿ. ಮರಗಳ ಹಿಂದೆ ಸೂರ್ಯ ಆರಿಹೋದ.

ಅಂಗಳದಲ್ಲಿ ನಾಸ್ತೊ ಮೊಣಕಾಲೂರಿ ಕೂತಿದ್ದಳು. ಮನುಷ್ಯಳ ಮೈ, ಮನುಷ್ಯಳ ಮುಖ, ಒಂದು ಕಣ್ಣು. ಹೆಂಗಸರು ಕಂಬಳಿ ಹೊದಿಸಿ, ಮಗುವಿನ ಹಾಗೆ ಮುದ್ದಿಸುತ್ತ ಒಳಗೆ ಕರೆದುಕೊಂಡು ಬಂದು ಒಲೆಯ ಮುಂದೆ ಕೂರಿಸಿದರು. ಜೀವ ಬಂತಲ್ಲ, ಸಾಕು, ಎಂದರು. ಒಂದು ಕಣ್ಣಲ್ಲಿ ಬದುಕಿದೋರು ಇಲ್ವಾ, ಎಂದರು. ಹಾಡದೆ ಬಿಟ್ಟ ನಾಲ್ಕು ಸಾಲಿನಲ್ಲಿ ಅವಳದೇನು ತೋಳದ್ದಾಗಿಯೇ ಉಳಿಯಿತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಹಿಂದ್ರಿಕ್ ಬಾಗಿಲ ಬಳಿ ಪುಸ್ತಕ ಅವುಚಿಕೊಂಡು ನಿಂತಿದ್ದ. ಅವನಿಗೆ ಯಾರೂ ಬೆಂಚು ತೋರಿಸಲಿಲ್ಲ.

"ಹಸಿವಾಗ್ತಿದೆ ಅತ್ತೆ," ಎಂದಳು ನಾಸ್ತೊ. ದನಿ ಅವಳದೇ.

ಒಕ್ಸೆ ಅಜ್ಜಿ ರೈ ರೊಟ್ಟಿಯ ದಪ್ಪ ತುಂಡು ಕೊಯ್ದಳು. ಅದರ ಮೇಲೆ ಬೆಣ್ಣೆ ಬಳಿದಳು, ಎರಡು ವರ್ಷದಲ್ಲಿ ಬಳಿಯದಷ್ಟು. ನಾಸ್ತೊ ಅದನ್ನು ಮೂಗಿಗೆ ಹಿಡಿದಳು. ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು. ಮೆಲ್ಲಗೆ ನೆಲದ ಮೇಲಿಟ್ಟಳು.

"ಕೂಸಿಗೂ ಹಸಿವು," ಎಂದಳು ಆನ್ನೆ. "ಮಧ್ಯಾಹ್ನದಿಂದ ಹಾಲಿಲ್ಲ. ಅವಳ ಮಡಿಲಿಗೆ ಹಾಕ್ಲಾ ಒಕ್ಸೆ?"

ಒಕ್ಸೆ ಸೊಸೆಯ ಮುಖ ನೋಡುತ್ತಿದ್ದಳು.

"ಬೇಡ."

"ಅಯ್ಯೋ, ಹೆತ್ತ ತಾಯಿ ಕಣೇ. ಎದೆಗೆ ಹಚ್ಚಿದ್ರೆ ಅವಳಿಗೂ ಸಮಾಧಾನ."

"ಬೇಡ ಅಂದೆ ಆನ್ನೆ. ಕೂಸನ್ನ ನಿಮ್ಮನೆಗೆ ಎತ್ಕೊಂಡು ಹೋಗು. ಬಾಗಿಲಿಗೆ ಅಗುಳಿ ಹಾಕ್ಕೋ."

ಆನ್ನೆ ಕೂಸನ್ನು ಶಾಲಿನಲ್ಲಿ ಸುತ್ತತೊಡಗಿದಳು. ಕೂಸು ಅತ್ತಿತು. ನಾಸ್ತೊ ಒಂಟಿ ಕಣ್ಣನ್ನು ಅತ್ತ ತಿರುಗಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡಳು. ಅವಳ ಬಾಯಲ್ಲಿ ನೀರೂರಿತು. ತುಟಿಯಂಚಿನಿಂದ ಒಂದು ಎಳೆ ಇಳಿದು ಕಂಬಳಿಯ ಮೇಲೆ ಬಿತ್ತು. ಒಕ್ಸೆ ಅಜ್ಜಿ ಮುಂದೆ ಬಾಗಿ, ತನ್ನ ಹಬ್ಬದ ಏಪ್ರನ್ನಿನ ಅಂಚಿನಿಂದ ಅದನ್ನು ಒರೆಸಿದಳು.